ಪರದೆಯ ಎರಡು ಅರ್ಥ

‘ಪರದೆ’ ಎಂಬ ಪಾರಸಿ ಮಾತು ಕನ್ನಡಕ್ಕೆ ಬಂದು ಬಹುಕಾಲದಿಂದ ಎರಡು ಕೆಲಸ ಮಾಡುತ್ತಿದೆ. ನಾಟಕದ ಕಂಪನಿಯ ಪರದೆ, ಸಿನೆಮದ ಪರದೆ, ಈಗ ಅಂಗೈಯಲ್ಲಿ ಹೊಳೆಯುವ ಮೊಬೈಲಿನ ಪರದೆ, ಇವೆಲ್ಲ ತೋರಿಸುವ ಪರದೆಗಳು. ಹೆಂಗಸರ ಗೋಷೆಯ ಪರದೆ ಮರೆಸುವ ಪರದೆ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರು ಈ ಎರಡನೆಯ ಅರ್ಥವನ್ನು ಇಂದಿಗೂ ನೆನಪಿಗೆ ತರುತ್ತದೆ. ಇಂಗ್ಲಿಷಿನಲ್ಲಿ ಈ ಶ್ಲೇಷೆ ಇಷ್ಟು ಸುಲಭವಾಗಿ ಒದಗುವುದಿಲ್ಲ. ಆದರೂ ಇಂಗ್ಲಿಷ್ ಕಾದಂಬರಿಯೊಂದು ಈ ಎರಡು ಅರ್ಥಗಳ ನಡುವಣ ಸಂದಿಯಲ್ಲಿಯೇ ತನ್ನ ಕತೆಯನ್ನು ಕಟ್ಟಿಕೊಂಡಿದೆ. ಅದರ ಹೆಸರು ‘ಅಲಿಫ್ ದಿ ಅನ್‌ಸೀನ್’. ಬರೆದವರು ಜಿ. ವಿಲ್ಲೋ ವಿಲ್ಸನ್. ಅಮೆರಿಕದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಇಸ್ಲಾಮನ್ನು ಒಪ್ಪಿಕೊಂಡು, ಕೆಲವು ವರ್ಷ ಕೈರೋ ನಗರದಲ್ಲಿ ಬಾಳಿದ ಲೇಖಕಿ. ಆ ಅನುಭವವನ್ನು ೨೦೧೦ರಲ್ಲಿ ಆತ್ಮಕಥೆಯ ರೂಪದಲ್ಲಿ ಬರೆದರು. ಕಾದಂಬರಿ ಪ್ರಕಟವಾದದ್ದು ೨೦೧೨ರಲ್ಲಿ, ಟ್ಯುನೀಸಿಯ ಮತ್ತು ಈಜಿಪ್ಟುಗಳ ದಂಗೆಗಳ ಮರುವರ್ಷ. ೨೦೧೩ರಲ್ಲಿ ಅದಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ದೊರಕಿತು.

ಹತ್ತು ವರ್ಷಕ್ಕೂ ಹಳೆಯದಾದ ಈ ಪುಸ್ತಕವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮುಸ್ಲಿಂ ತರುಣ ತರುಣಿಯರು ತಮ್ಮ ಧರ್ಮಶ್ರದ್ಧೆಯನ್ನೂ ಈ ಹೊಸ ಯಂತ್ರದ ಬಾಳನ್ನೂ ಸರಿದೂಗಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಇಂದು ಉತ್ತರಗಳ ಬರವಿಲ್ಲ. ನಮಾಜಿನ ಹೊತ್ತಿಗೆ ಫೋನನ್ನು ಬದಿಗಿಡು, ನೋಡಬಾರದ್ದನ್ನು ನೋಡಬೇಡ, ರಂಜಾನಿನ ಉಪವಾಸ ಹೊಟ್ಟೆಗೆ ಮಾತ್ರವಲ್ಲ, ಕಣ್ಣಿಗೂ ಬೆರಳಿಗೂ ಇರಲಿ: ಇಂಥ ಹಿತವಚನಗಳು ಪುಸ್ತಕಗಳಲ್ಲಿಯೂ ಪ್ರವಚನಗಳಲ್ಲಿಯೂ ಹೇರಳವಾಗಿ ಸಿಗುತ್ತವೆ. ಮಾತುಗಳೇನೋ ಒಳ್ಳೆಯವೇ. ದೀಪ ಹಚ್ಚುವ ಹೊತ್ತಿಗೆ ಟೀವಿ ಆರಿಸೆಂದು ಗದರುವ ಅಜ್ಜಿಯರು ಎಲ್ಲ ಮತದ ಮನೆಗಳಲ್ಲಿಯೂ ಇದ್ದಾರಷ್ಟೆ. ಆದರೆ ಈ ಬಗೆಯ ಬರವಣಿಗೆಯ ಹಿಂದೆ ಒಂದು ತಕ್ಕಡಿಯ ಚಿತ್ರವಿದೆ. ಒಂದು ತಟ್ಟೆಯಲ್ಲಿ ದೀನು, ಇನ್ನೊಂದರಲ್ಲಿ ಫೋನು. ಮುಳ್ಳು ನಡುವೆ ನಿಂತರೆ ಬದುಕು ನೆಟ್ಟಗಾಯಿತು. ತೂಗುವ ಕೈ ಯಾರದು, ಆ ಕೈ ತಟ್ಟೆಗಳ ಹೊರಗೆ ನಿಲ್ಲುವುದಾದರೂ ಹೇಗೆ ಎಂಬುದನ್ನು ಸಲಹೆಗಾರರು ಕೇಳುವುದಿಲ್ಲ. ಕಾದಂಬರಿಕಾರರು ಕೇಳಬಲ್ಲರು. ವಿಲ್ಸನ್ ಕೇಳಿದ್ದಾರೆ.

ಕತೆ ನಡೆಯುವುದು ಕೊಲ್ಲಿಯ ಒಂದು ಎಮಿರೇಟಿನಲ್ಲಿ. ಅದಕ್ಕೆ ಹೆಸರಿಲ್ಲ, ಬರಿಯ ‘ನಗರ’. ನಾಯಕನಿಗೂ ಬಹುಮಟ್ಟಿಗೆ ಹೆಸರಿಲ್ಲವೆನ್ನಬೇಕು. ಅರಬ್ಬಿ ವರ್ಣಮಾಲೆಯ ಮೊದಲ ಅಕ್ಷರವಾದ ಅಲಿಫ್ ಅವನು ಅಂತರ್ಜಾಲದಲ್ಲಿ ಇಟ್ಟುಕೊಂಡ ಹೆಸರು. ಒಂದೇ ಒಂದು ನೆಟ್ಟನೆಯ ಗೀಟು. ಅವನ ತಂದೆ ಅರಬನು, ತಾಯಿ ಭಾರತದಿಂದ ಹೋದವಳು; ವಲಸೆಗಾರರ ಬಡ ಬೀದಿಯಲ್ಲಿ ತಾಯಿಮಗ ಇಬ್ಬರೇ ವಾಸ. ಹುಡುಗನ ಕಸುಬು ಸರ್ಕಾರದ ಕಣ್ಣಿಗೆ ಬೀಳಲೊಲ್ಲದವರನ್ನು ಕಂಪ್ಯೂಟರಿನ ಮೂಲಕ ಮರೆಮಾಡುವುದು. ಕ್ರಾಂತಿಕಾರಿಯಾಗಲಿ, ಇಸ್ಲಾಮಿ ಪಕ್ಷದವನಾಗಲಿ, ಅವನಿಗೆ ಭೇದವಿಲ್ಲ. ಅವನು ನಂಬಿದ ತತ್ವವೆಂದರೆ ಮರೆಯೇ. ನಗರದ ಪ್ರಭುತ್ವದ ಪರವಾಗಿ ಇಂಥವರನ್ನು ಬೇಟೆಯಾಡುವ ಒಬ್ಬನಿದ್ದಾನೆ. ಅವನನ್ನು ಹುಡುಗರು ‘ಕೈ’ ಎಂದು ಕರೆಯುತ್ತಾರೆ. ಅದಕ್ಕೂ ಮುಖವಿಲ್ಲ.

ಇನ್ನು ಕತೆಯ ಗಂಟು. ಅಲಿಫ್ ಇಂತಿಸಾರ್ ಎಂಬ ಶ್ರೀಮಂತ ಮನೆತನದ ಹುಡುಗಿಯನ್ನು ಗುಟ್ಟಾಗಿ ಪ್ರೀತಿಸುತ್ತಾನೆ. ಅವಳಿಗೆ ಮನೆಯವರು ಬೇರೆ ಮದುವೆ ಗೊತ್ತುಮಾಡುತ್ತಾರೆ. ಇನ್ನು ನಿನ್ನ ಹೆಸರು ನನ್ನ ಕಣ್ಣಿಗೆ ಬೀಳಬಾರದೆಂದು ಅವಳು ಅವನಿಗೆ ಹೇಳುತ್ತಾಳೆ. ಗಾಯಗೊಂಡ ಹುಡುಗ ಅವಳ ಮಾತನ್ನು ಅಕ್ಷರಶಃ ನಡೆಸಿಕೊಡಲು ಹೊರಡುತ್ತಾನೆ. ಅವಳು ಯಾವ ಕಂಪ್ಯೂಟರಿನ ಮುಂದೆ ಕೂತರೂ, ಬೆರಳು ಕೀಲಿಗಳ ಮೇಲೆ ಓಡುವ ಲಯದಿಂದ, ಆಯುವ ಮಾತುಗಳಿಂದ ಅವಳನ್ನು ಗುರುತಿಸಿ, ಅವಳಿಗೆ ತಾನು ಎಂದೂ ಕಾಣದಂತೆ ಮಾಡುವ ಒಂದು ಪ್ರೋಗ್ರಾಮನ್ನು ಬರೆಯುತ್ತಾನೆ. ಅದಕ್ಕೆ ಅವನಿಟ್ಟ ಹೆಸರು ‘ಟಿನ್ ಸಾರಿ’, ತಗಡಿನ ಸೀರೆ. (ಅಂಕಿತವಿಲ್ಲದ ಪದ್ಯದ ಕರ್ತೃವನ್ನು ಶೈಲಿಯಿಂದಲೇ ಹಿಡಿಯುತ್ತೇವೆಂದು ಕನ್ನಡ ಮೇಷ್ಟರುಗಳಾದ ನಾವು ತಲೆಮಾರುಗಳಿಂದ ಜಗಳವಾಡುತ್ತಿದ್ದೇವೆ. ನಮಗೆ ಒಲಿಯದ ವಿದ್ಯೆ ಆ ಯಂತ್ರಕ್ಕೆ ಒಂದೇ ಏಟಿಗೆ ಒಲಿದುಬಿಡುತ್ತದೆ.) ಪ್ರೋಗ್ರಾಮು ಬರೆದವನಿಗೇ ಅರ್ಥವಾಗದಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಅದು ‘ಕೈ’ಯ ಕೈಗೆ ಸೇರುತ್ತದೆ. ಒಬ್ಬಳಿಂದ ಮರೆಯಾಗಲು ನೆಯ್ದ ಬಟ್ಟೆ ಒಂದು ನಗರದ ಎಲ್ಲ ಗುಟ್ಟುಗಾರರನ್ನೂ ಬಯಲಿಗೆಳೆಯುವ ಬಲೆಯಾಗುತ್ತದೆ. ಸಾಲದ್ದಕ್ಕೆ ಇಂತಿಸಾರಳಿಗೆ ಗೊತ್ತಾದ ವರನೇ ಆ ‘ಕೈ’.

ಈ ಭಾಗ ಕಾದಂಬರಿಯ ಅತ್ಯುತ್ತಮ ಭಾಗ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇಲ್ಲಿ ಪಾಪವೆಲ್ಲಿದೆ ಎಂದು ಹುಡುಕಿ ನೋಡಿ. ಅಲಿಫ್ ಅಶ್ಲೀಲವಾದದ್ದೇನನ್ನೂ ನೋಡುತ್ತ ಕೂತಿಲ್ಲ, ಕಾಲಹರಣ ಮಾಡಿಲ್ಲ. ಹಿತವಚನಕಾರರ ಪಟ್ಟಿಯಲ್ಲಿರುವ ಯಾವ ದೋಷವೂ ಅವನಿಗೆ ಅಂಟುವುದಿಲ್ಲ. ಅವನು ಮಾಡಿದ್ದು ಇಷ್ಟೆ: ಒಬ್ಬ ಹೆಣ್ಣನ್ನು ಅವಳಿಗೆ ತಿಳಿಯದಂತೆ ಅಳೆದ. ಅವಳು ಅವಳೇ ಎನ್ನಿಸುವ ಗುಟ್ಟನ್ನು ಲೆಕ್ಕವನ್ನಾಗಿ ಪರಿವರ್ತಿಸಿದ. ಕದ್ದು ನೋಡಬಾರದು, ಇನ್ನೊಬ್ಬರ ಮರೆಯನ್ನು ಒಡೆಯಬಾರದು ಎಂಬುದು ಇಸ್ಲಾಮಿನ ಹಳೆಯ ಶಿಷ್ಟಾಚಾರ. ಬೇಹು ನಡೆಸುವುದನ್ನು ಕುರಾನೇ ನಿಷೇಧಿಸುತ್ತದೆ. ಆ ನಿಷೇಧ ಇಂದಿನ ಯಂತ್ರಕ್ಕೆ ಎಷ್ಟು ನೇರವಾಗಿ ತಗಲುತ್ತದೆಂಬುದನ್ನು ಉಪದೇಶವಿಲ್ಲದೆ, ಬರಿಯ ಸನ್ನಿವೇಶದಿಂದ ಲೇಖಕಿ ತೋರಿಸಿದ್ದಾರೆ.

ಅಲಿಫನಿಗೆ ಎದುರಾಗಿ ನಿಲ್ಲುವ ಪಾತ್ರ ದೀನಾ. ಪಕ್ಕದ ಮನೆಯ ಈಜಿಪ್ಟಿನ ಹುಡುಗಿ, ಬಾಲ್ಯದ ಜೊತೆಗಾತಿ. ಹನ್ನೆರಡನೆಯ ವಯಸ್ಸಿನಲ್ಲಿ ತಾನೇ ಹಟ ಹಿಡಿದು ಮುಖಕ್ಕೆ ನಿಕಾಬು ಹಾಕಿಕೊಂಡವಳು. ಯಾರೂ ಒತ್ತಾಯಿಸಿದ್ದಲ್ಲ. ಇಲ್ಲಿ ನಮ್ಮ ನಗರಗಳ ವಿದ್ಯಾವಂತ ವಾಚಕರು ಸ್ವಲ್ಪ ತಡವರಿಸುತ್ತಾರೆ. ಹಾಗೆ ತಡವರಿಸಲೆಂದೇ ಆ ಪಾತ್ರ ಹಾಗಿದೆ. ಹುಡುಗ ಕಂಪ್ಯೂಟರಿನ ಹಿಂದೆ, ಸುಳ್ಳುಹೆಸರಿನ ಹಿಂದೆ ಅಡಗಿದರೆ ಅದನ್ನು ಸ್ವಾತಂತ್ರ್ಯವೆನ್ನುತ್ತೇವೆ. ಹುಡುಗಿ ಬಟ್ಟೆಯ ಹಿಂದೆ ನಿಂತರೆ ಅದನ್ನು ಸೆರೆ ಎನ್ನುತ್ತೇವೆ. ಇಬ್ಬರೂ ತಮ್ಮನ್ನು ಯಾರು ನೋಡಬೇಕು, ಯಾರು ನೋಡಬಾರದು ಎಂಬುದನ್ನು ತಾವೇ ನಿಶ್ಚಯಿಸಲು ಹೊರಟವರು. ಬಟ್ಟೆ ಹಾಕಿಕೊಂಡವಳು ಕತೆಯ ಉದ್ದಕ್ಕೂ ನೇರವಾಗಿ ಮಾತನಾಡುತ್ತಾಳೆ. ಸುಳ್ಳುಹೆಸರಿನವನು ಬಹುಕಾಲ ತನಗೇ ಸುಳ್ಳು ಹೇಳಿಕೊಳ್ಳುತ್ತಾನೆ. ಪರದೆ ಎಲ್ಲರಿಗೂ ಹೀಗೆಯೇ ಆಯ್ಕೆಯಾಗಿ ಬರುತ್ತದೆಂದು ಇದರ ಅರ್ಥವಲ್ಲ. ಬರುವುದಿಲ್ಲವೆಂಬುದಕ್ಕೆ ನಮ್ಮ ಸಾರಾ ಅಬೂಬಕ್ಕರರ ಕತೆಗಳೇ ಸಾಕ್ಷಿ. ವಿಲ್ಸನ್ ದೀನಾಳನ್ನು ಒಂದು ಮಾದರಿಯಾಗಿ ಎತ್ತಿ ಹಿಡಿಯುವಾಗ ಈ ಇನ್ನೊಂದು ಮುಖವನ್ನು ತುಸು ಬೇಗನೆ ದಾಟಿಬಿಡುತ್ತಾರೆಂಬುದು ನನ್ನ ಆಕ್ಷೇಪಣೆ.

ಇವರಿಬ್ಬರ ನಡುವೆ ಕಾದಂಬರಿಯ ಮೊದಲಿಗೇ ಒಂದು ಜಗಳ ಬರುತ್ತದೆ. ಅಲಿಫನ ಹತ್ತಿರ ಎರವಲು ಪಡೆದ ಇಂಗ್ಲಿಷ್ ಅದ್ಭುತಕತೆಯೊಂದನ್ನು ದೀನಾ ಓದಿ ಹಿಂದಿರುಗಿಸುತ್ತಾಳೆ, ಇದು ಧರ್ಮಕ್ಕೆ ವಿರುದ್ಧವೆಂದು ಬಯ್ಯುತ್ತಾಳೆ. ಹುಡುಗ ಕಟ್ಟುಕತೆಯಷ್ಟೇ ಎಂದು ನಗುತ್ತಾನೆ. ಮುಂದೆ ನಿಜವಾದ ಜಿನ್ನುಗಳು ಎದುರು ಬಂದು ನಿಂತಾಗ ದೀನಾ ಅಂಜುತ್ತಾಳೆ, ಆದರೆ ಅಚ್ಚರಿಪಡುವುದಿಲ್ಲ. ಜಿನ್ನುಗಳಿವೆಯೆಂದು ಅವಳು ಮೊದಲಿನಿಂದ ನಂಬಿದವಳು. ಅದ್ಭುತಕತೆಗಳನ್ನು ರಾಶಿಯಾಗಿ ಓದಿದ ಅಲಿಫನಿಗೇ ಕಣ್ಣೆದುರಿನದನ್ನು ನಂಬಲಾಗುವುದಿಲ್ಲ. ಕಾಣದ್ದನ್ನು ನಂಬುವುದು, ‘ಗೈಬ್’ನಲ್ಲಿ ವಿಶ್ವಾಸವಿಡುವುದು, ಮುಸಲ್ಮಾನನ ಲಕ್ಷಣಗಳಲ್ಲೊಂದೆಂದು ಕುರಾನಿನ ಎರಡನೆಯ ಅಧ್ಯಾಯದ ಮೊದಲಲ್ಲಿಯೇ ಬರುತ್ತದೆ. ತಂತಿಯಿಲ್ಲದೆ ಗಾಳಿಯಲ್ಲಿ ಹಾಯುವ ಮಾತನ್ನೂ ಮುಖವಿಲ್ಲದ ಗೆಳೆಯರನ್ನೂ ದಿನವೂ ನಂಬಿ ಬಾಳುವ ಹುಡುಗನಿಗೆ ಹಳೆಯ ಅಗೋಚರ ಮಾತ್ರ ನಂಬಲಸಾಧ್ಯವಾಗಿ ತೋರುವುದೇಕೆ? ಕಾದಂಬರಿ ಈ ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ.

ಜಿನ್ನುಗಳ ಮಾತು ಬಂದಿತು. ಅವುಗಳಲ್ಲಿ ಮುಖ್ಯವಾದದ್ದರ ಹೆಸರನ್ನು ಕೇಳಿದರೆ ಕನ್ನಡ ವಾಚಕರು ನಗದೆ ಇರಲಾರರು. ಅವನು ‘ವಿಕ್ರಮ್ ದಿ ವ್ಯಾಂಪೈರ್’! ಬೇತಾಳ ಪಂಚವಿಂಶತಿಯನ್ನು ರಿಚರ್ಡ್ ಬರ್ಟನ್ ೧೮೭೦ರಲ್ಲಿ ಇಂಗ್ಲಿಷಿಗೆ ತಂದಾಗ ‘ವಿಕ್ರಮ ಮತ್ತು ಬೇತಾಳ’ ಎಂದೇ ಹೆಸರಿಟ್ಟಿದ್ದ. ಇಲ್ಲಿ ನೋಡಿದರೆ ಹೊತ್ತವನ ಹೆಸರು ಹೆಗಲ ಮೇಲಿದ್ದವನಿಗೆ ಅಂಟಿಕೊಂಡಿದೆ. ಚಂದಮಾಮದಲ್ಲಿ ತಿಂಗಳು ತಿಂಗಳೂ ಛಲ ಬಿಡದ ತ್ರಿವಿಕ್ರಮನನ್ನು ಕಂಡು ಬೆಳೆದ ನಮಗೆ ಇದು ಮನೆಯ ಪಾತ್ರೆ ನೆಂಟರ ಮನೆಯಲ್ಲಿ ಸಿಕ್ಕಂತೆ. ಆದರೂ ಪಾತ್ರ ಸೊಗಸಾಗಿದೆ. ಒಗಟು ಹೇಳುವ, ಕೆಣಕುವ, ಕೊನೆಗೆ ತನ್ನವರಿಗಾಗಿ ಪ್ರಾಣ ಕೊಡುವ ಈ ವಿಕ್ರಮ ಬೇತಾಳನ ಗುಣವನ್ನೂ ರಾಜನ ಗುಣವನ್ನೂ ಕೂಡಿಸಿಕೊಂಡಿದ್ದಾನೆ.

ದೋಷಗಳೂ ಇವೆ. ಜಿನ್ನುಗಳು ಹೇಳಿ ಬರೆಯಿಸಿದರೆನ್ನಲಾದ ‘ಸಾವಿರದೊಂದು ಹಗಲುಗಳು’ ಎಂಬ ಗ್ರಂಥದಲ್ಲಿ ಹೊಸ ಗಣಕವಿದ್ಯೆಯ ಬೀಜವಿದೆಯೆಂಬ ಕಲ್ಪನೆ ಕೇಳುವುದಕ್ಕೆ ಮೋಹಕ. ಒಂದೇ ಮಾತಿಗೆ ಅನೇಕ ಅರ್ಥ ಧರಿಸುವ ಶಕ್ತಿಯಿದ್ದರೆ ಯಂತ್ರಕ್ಕೂ ಅದನ್ನು ಕಲಿಸಬಹುದಲ್ಲವೆ ಎಂದು ಅಲಿಫ್ ಯೋಚಿಸುತ್ತಾನೆ. ಧ್ವನಿಸಿದ್ಧಾಂತ ಓದಿದವರಿಗೆ ಇಲ್ಲಿ ಕಿವಿ ನಿಮಿರುತ್ತದೆ. ಆದರೆ ಆ ಕಲ್ಪನೆಯನ್ನು ಕಥೆಯೊಳಗೆ ಕರಗಿಸಲು ಲೇಖಕಿಗೆ ಸಾಧ್ಯವಾಗಿಲ್ಲ. ಕಂಪ್ಯೂಟರು ಕಾದು ಕರಗುತ್ತದೆ, ನಮಗೆ ಮಾತ್ರ ಬಿಸಿ ತಟ್ಟುವುದಿಲ್ಲ. ಮರುಭೂಮಿ, ಜಿನ್ನುಗಳ ನಗರ, ಸೆರೆಮನೆ, ದಂಗೆ ಎಂದು ಉತ್ತರಾರ್ಧ ಓಡುತ್ತಲೇ ಹೋಗುತ್ತದೆ. ಇಂತಿಸಾರಳನ್ನು ಕತೆ ಬೇಕಾದಾಗ ಬಳಸಿ ಬೇಡವಾದಾಗ ಬಿಟ್ಟಿದೆ. ಹೆಸರಿಲ್ಲದ ಅಮೆರಿಕನ್ ಮತಾಂತರಿತೆಯೊಬ್ಬಳು ನಡುವೆ ಬರುತ್ತಾಳೆ. ಅವಳ ಬಾಯಲ್ಲಿ ಲೇಖಕಿಯೇ ಮಾತನಾಡುತ್ತಿರುವಂತೆ ನನಗೆ ಅನೇಕ ಸಲ ಅನ್ನಿಸಿತು.

ಆದರೆ ಶೇಖ್ ಬಿಲಾಲ್ ಎಂಬ ಮುದಿ ಇಮಾಮನ ಪಾತ್ರಕ್ಕಾಗಿ ಇದನ್ನೆಲ್ಲ ಕ್ಷಮಿಸಬಹುದು. ಕಂಪ್ಯೂಟರ್ ಆಟದೊಳಗೆ ತನ್ನ ಬೊಂಬೆ ಹಂದಿಮಾಂಸ ತಿಂದರೆ ಆಡಿದವನಿಗೆ ದೋಷವುಂಟೆ ಎಂಬ ಪ್ರಶ್ನೆ ಕಾದಂಬರಿಯಲ್ಲಿ ಎದ್ದುಬರುತ್ತದೆ. ನಗಬೇಕೆನ್ನಿಸುವ ಪ್ರಶ್ನೆ. ತಿಂದದ್ದು ಯಾರು, ಏನನ್ನು? ಅಲ್ಲಿ ಹಂದಿಯೂ ಇಲ್ಲ, ಬಾಯಿಯೂ ಇಲ್ಲ. ಆದರೆ ಇಸ್ಲಾಮೀ ನೀತಿಯಲ್ಲಿ ಕರ್ಮದ ಬೆಲೆ ‘ನಿಯ್ಯತ್’ನಿಂದ, ಸಂಕಲ್ಪದಿಂದ ನಿರ್ಣಯವಾಗುವುದು. ಸಂಕಲ್ಪ ಮಾಡಿದವನು ನಿಜವಾದವನೇ ತಾನೆ? ಹುಡುಗರು ತಮ್ಮ ದಿನದ ಬಹುಭಾಗವನ್ನು ಕಳೆಯುವ ಜಾಗವನ್ನು ಸುಳ್ಳೆಂದು ತಳ್ಳಿಹಾಕಿದರೆ ಅಲ್ಲಿ ಅವರು ಆಡಿದ ಹುಸಿ, ಮಾಡಿದ ನಿಂದೆ, ಕೊಟ್ಟ ನೋವು ಎಲ್ಲವೂ ಸುಳ್ಳಾಗಿಬಿಡಬೇಕು. ನನ್ನ ತರಗತಿಯ ಹುಡುಗ ಹುಡುಗಿಯರನ್ನು, ಎಲ್ಲ ಮತದವರನ್ನೂ, ನೋಡಿ ಹೇಳುತ್ತೇನೆ: ಅಲ್ಲಿ ಆದ ಅವಮಾನಕ್ಕೆ ಅವರು ಸುರಿಸುವ ಕಣ್ಣೀರು ಸುಳ್ಳಲ್ಲ.

ವಿಲ್ಸನ್ ಬರೆದ ಇನ್ನೊಂದು ಕೃತಿಯನ್ನು ನಮ್ಮ ವಿಮರ್ಶಕರು ಚಿತ್ರಕತೆಯೆಂದು ಮುಟ್ಟಲಾರರು. ಮಾರ್ವೆಲ್ ಸಂಸ್ಥೆ ೨೦೧೪ರಲ್ಲಿ ಆರಂಭಿಸಿದ ‘ಮಿಸ್ ಮಾರ್ವೆಲ್’ ಮಾಲೆ ಅದು; ಚಿತ್ರ ಏಡ್ರಿಯನ್ ಅಲ್ಫೋನ ಅವರದು, ಸಂಪಾದಕರಲ್ಲೊಬ್ಬರು ಸನಾ ಅಮಾನತ್. ಮೊದಲ ಸಂಪುಟಕ್ಕೆ ೨೦೧೫ರ ಹ್ಯೂಗೋ ಪ್ರಶಸ್ತಿ ಬಂದಿತು. ಜರ್ಸಿ ಸಿಟಿಯ ಪಾಕಿಸ್ತಾನಿ ಮನೆತನದ ಹದಿನಾರರ ಹುಡುಗಿ ಕಮಲಾ ಖಾನ್ ಇದರ ನಾಯಿಕೆ. ಹಗಲಿಗೆ ಶಾಲೆ, ರಾತ್ರಿ ಮಹಾವೀರರ ಮೇಲೆ ತಾನೇ ಕತೆ ಹೆಣೆದು ಅಂತರ್ಜಾಲದಲ್ಲಿ ಹಾಕಿ ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುವ ಕೆಲಸ. ಒಂದು ರಾತ್ರಿ ಮನೆಯವರ ಕಣ್ಣು ತಪ್ಪಿಸಿ ಹೊರಟವಳಿಗೆ ಮಂಜಿನ ನಡುವೆ ಅದೇ ಮಹಾವೀರರು ಕಾಣಿಸಿಕೊಳ್ಳುತ್ತಾರೆ, ಅಮೀರ್ ಖುಸ್ರೋನ ಹಾಡಿನೊಡನೆ! ಮೂರ್ತಿ ಅಮೆರಿಕದ್ದು, ನುಡಿ ಅಜ್ಜಿಯ ಮನೆಯದು. ಶಕ್ತಿ ಬಂದ ಕೂಡಲೆ ಅವಳು ಮೊದಲು ಆಗುವುದು ಹೊಂಗೂದಲಿನ ಬಿಳಿಯ ಹೆಂಗಸು. ಆ ರೂಪ ಹಿಡಿಸದೆ ಮೈಮುಚ್ಚುವ ಈಜುಡುಗೆಯೊಂದನ್ನು ಕತ್ತರಿಸಿ ತನ್ನ ವೇಷವನ್ನು ತಾನೇ ಹೊಲಿದುಕೊಳ್ಳುತ್ತಾಳೆ.

ಕಾದಂಬರಿಗಿಂತ ಇದು ಸರಳವಾದ ಕೃತಿ, ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೂ ಮನೆಯ ಚಿತ್ರಣ ಇದರಲ್ಲಿಯೇ ಹೆಚ್ಚು ನಿಜವಾಗಿದೆ. ಗಡ್ಡ ಬಿಟ್ಟು ನಮಾಜಿನಲ್ಲಿ ಮುಳುಗಿದ ಅಣ್ಣ ಕೆಲಸ ಹುಡುಕುವುದಿಲ್ಲವೆಂದು ಬ್ಯಾಂಕಿನ ನೌಕರನಾದ ತಂದೆ ರೇಗುತ್ತಾನೆ. ಭಕ್ತಿ ಹೆಚ್ಚಾದದ್ದಕ್ಕೆ ಬಯ್ಯುವ ಮುಸ್ಲಿಂ ತಂದೆಯನ್ನು ಕತೆಗಳಲ್ಲಿ ನಾವು ಎಷ್ಟು ಕಂಡಿದ್ದೇವೆ? ಹುಡುಗಿಯ ರಾತ್ರಿಯ ತಿರುಗಾಟದಿಂದ ಕಂಗೆಟ್ಟ ಮನೆಯವರು ಅವಳನ್ನು ಮಸೀದಿಯ ಶೇಖ್ ಅಬ್ದುಲ್ಲಾನಲ್ಲಿಗೆ ಕಳುಹಿಸುತ್ತಾರೆ. ಇವನು ಶೈತಾನನ ಮಾತೆತ್ತುತ್ತಾನೆಂದು ಅವಳು ಕಾದಿದ್ದರೆ ಅವನು, ಮಾಡುವುದೇ ಆದರೆ ಧೈರ್ಯ, ಪ್ರಾಮಾಣಿಕತೆ, ಕರುಣೆಗಳಿಂದ ಮಾಡು, ನಿನಗೊಬ್ಬ ಗುರುವನ್ನು ಹುಡುಕಿಕೋ ಎಂದು ಹೇಳಿ ಕಳುಹಿಸುತ್ತಾನೆ. ಈ ಶೇಖನೂ ಅತ್ತ ಬಿಲಾಲನೂ ಒಂದೇ ಜಾತಿಯವರು. ಹಿರಿಯರು ಹೀಗಿರಬೇಕೆಂಬ ಆಸೆ ಲೇಖಕಿಯದು. ಹೀಗಿದ್ದಾರೆಂಬ ಭರವಸೆ ಎಲ್ಲ ಹುಡುಗರಿಗೂ ಇರಲಾರದು.

ಮಾಲೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ವೆಂಟರ್ ಎಂಬ ಖಳನ ಪ್ರಕರಣ. ಊರಿನ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ನೋಡಿದರೆ ಅವರನ್ನು ಯಾರೂ ಹೊತ್ತೊಯ್ದಿಲ್ಲ. ಯಂತ್ರಗಳಿಗೆ ವಿದ್ಯುತ್ತು ಊಡುವ ಬ್ಯಾಟರಿಗಳಾಗಲು ಅವರೇ ಒಪ್ಪಿ ಹೋಗಿದ್ದಾರೆ. ಫೋನಿನಲ್ಲಿ ಮುಳುಗಿದ ಸೋಮಾರಿಗಳು, ಭೂಮಿಗೆ ಭಾರ ಎಂದು ಹಿರಿಯರ ಬಾಯಲ್ಲಿ ಕೇಳಿ ಕೇಳಿ ಅವರು ಅದನ್ನೇ ನಂಬಿದ್ದಾರೆ. ಹೀಗಾದರೂ ಉಪಯೋಗಕ್ಕೆ ಬಂದೆವಲ್ಲ ಎಂಬ ಸಮಾಧಾನ ಅವರದು. ಇದು ಮುಸ್ಲಿಂ ಮಕ್ಕಳ ಕತೆ ಮಾತ್ರವಲ್ಲ. ಆದರೆ ಮನೆಯಲ್ಲಿ ಶ್ರದ್ಧೆ ಸಾಲದೆಂದೂ ಬೀದಿಯಲ್ಲಿ ಶ್ರದ್ಧೆ ಹೆಚ್ಚೆಂದೂ ಎರಡು ಕಡೆಯಿಂದ ಬೈಗಳು ತಿನ್ನುವ ಹುಡುಗಿಯೇ ಆ ಮಕ್ಕಳನ್ನು ಕರೆದು ತರಬೇಕಾಗಿ ಬಂದದ್ದರಲ್ಲಿ ಔಚಿತ್ಯವಿದೆ. ೨೦೨೨ರಲ್ಲಿ ಈ ಕತೆ ಆರು ಕಂತುಗಳ ಧಾರಾವಾಹಿಯಾಗಿ ತೆರೆಗೆ ಬಂದಿತು. ಗೆಳತಿ ನಾಕಿಯಾ ಮಸೀದಿಯ ಆಡಳಿತ ಮಂಡಳಿಗೆ ಚುನಾವಣೆಗೆ ನಿಲ್ಲುವುದು, ಮಸೀದಿಯಲ್ಲಿ ಬೂಟು ಕಳುವಾಗುವುದು ಅದರ ಒಳ್ಳೆಯ ಸಂಗತಿಗಳು. ಉಳಿದದ್ದರಲ್ಲಿ ಗದ್ದಲವೇ ಹೆಚ್ಚು.

ಎರಡು ಕೃತಿಗಳೂ ಕಾಣದೆ ಬಿಟ್ಟದ್ದು ಒಂದಿದೆ. ವಿಲ್ಸನ್ನರ ‘ಕೈ’ ಪ್ರಭುತ್ವದ ಕೈ. ವ್ಯಾಪಾರದ ಕೈ ಅವರ ಕಣ್ಣಿಗೆ ಬಿದ್ದಿಲ್ಲ. ೨೦೨೦ರ ನವೆಂಬರಿನಲ್ಲಿ ಅಮೆರಿಕದ ಮದರ್‌ಬೋರ್ಡ್ ಪತ್ರಿಕೆ ಒಂದು ವರದಿಯನ್ನು ಪ್ರಕಟಿಸಿತು. ನಮಾಜಿನ ವೇಳೆಯನ್ನೂ ಕಿಬ್ಲಾದ ದಿಕ್ಕನ್ನೂ ತೋರಿಸುವ ‘ಮುಸ್ಲಿಂ ಪ್ರೊ’ ಎಂಬ ಮೊಬೈಲ್ ಸಾಧನದಿಂದ ಬಳಸುವವರ ಇರುನೆಲೆಯ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪನಿಗೂ, ಅಲ್ಲಿಂದ ಅಮೆರಿಕದ ಸೈನ್ಯದ ಗುತ್ತಿಗೆದಾರರಿಗೂ ಹರಿಯುತ್ತಿತ್ತೆಂದು ಅದು ತಿಳಿಸಿತು. ಆ ಸಾಧನವನ್ನು ೯.೮ ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತೆಂದು ವರದಿಯ ಲೆಕ್ಕ. ಕಂಪನಿ ಆ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಸಾರಿತು. ಅದಿರಲಿ, ಮಕ್ಕಾದ ಕಡೆಗೆ ಮುಖ ಮಾಡಿದ ಹುಡುಗ ಯಾವ ತಟ್ಟೆಯಲ್ಲಿ ಏನನ್ನು ಹೆಚ್ಚಿಗೆ ಇಟ್ಟಿದ್ದ? ಅವನು ಫೋನು ಹಿಡಿದದ್ದೇ ನಮಾಜಿಗಾಗಿ.

ನಮ್ಮ ದೇಶದ ಕತೆ ಇನ್ನೂ ಕಠೋರವಾದದ್ದು. ೨೦೨೧ರ ಜುಲೈಯಲ್ಲಿ ಒಮ್ಮೆ, ೨೦೨೨ರ ಜನವರಿ ಒಂದರಂದು ಇನ್ನೊಮ್ಮೆ, ಬರೆಯುವ, ಮಾತನಾಡುವ ಮುಸ್ಲಿಂ ಹೆಣ್ಣುಮಕ್ಕಳ ಭಾವಚಿತ್ರಗಳನ್ನು ಅವರ ಖಾತೆಗಳಿಂದ ಎತ್ತಿ ‘ಹರಾಜಿ’ಗಿಟ್ಟರು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿದ್ದ. ಮರುತಿಂಗಳೇ ನಮ್ಮ ರಾಜ್ಯದ ಕಾಲೇಜುಗಳ ಬಾಗಿಲಲ್ಲಿ ತಲೆವಸ್ತ್ರದ ಹುಡುಗಿಯರನ್ನು ತಡೆದದ್ದನ್ನು ನಾವೆಲ್ಲ ಮೊಬೈಲಿನ ಪರದೆಯ ಮೇಲೆ ಕಂಡೆವು. ಮುಖ ತೋರಿದವಳಿಗೆ ಹರಾಜು, ತಲೆ ಮುಚ್ಚಿದವಳಿಗೆ ಬಾಗಿಲು ಬಂದು. ಇಂಥ ಹುಡುಗಿಗೆ ಸಮತೋಲವನ್ನು ಬೋಧಿಸುವವರು ಮೊದಲು ದೀನಾಳ ಅಧ್ಯಾಯಗಳನ್ನು ಓದಬೇಕು.

ತೋರಿಕೆಯ ಭಕ್ತಿಯ ಪ್ರಶ್ನೆಯೂ ಉಳಿದುಕೊಂಡಿದೆ. ಅದಕ್ಕೆ ಅರಬ್ಬಿಯಲ್ಲಿ ‘ರಿಯಾ’ ಎನ್ನುತ್ತಾರೆ; ಮುಸ್ಲಿಂ ನೀತಿಕಾರರು ಅದಕ್ಕೆ ಅಂಜಿದಷ್ಟೇ ನಮ್ಮ ವಚನಕಾರರೂ ಅಂಜಿದ್ದಾರೆ. ಉಮ್ರಾ ಯಾತ್ರೆಯಲ್ಲಿ ಕಾಬಾದ ಮುಂದೆ ನಿಂತು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡು ಊರಿಗೆಲ್ಲ ಕಳುಹಿಸುವವನ ಮನಸ್ಸಿನಲ್ಲಿ ಏನಿರುತ್ತದೆ? ಭಕ್ತಿಯೂ ಇರಬಹುದು, ತೋರಿಕೆಯೂ ಇರಬಹುದು, ಊರಲ್ಲುಳಿದ ತಾಯಿಗೆ ತೋರಿಸುವ ಆಸೆಯೂ ಇರಬಹುದು. ಒಂದು ಸಣ್ಣಕತೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ವಿಲ್ಸನ್ ಬರೆದಿಲ್ಲ. ನಮ್ಮವರು ಬರೆಯಬಲ್ಲರು. ಬೊಳುವಾರರ ಮುತ್ತುಪ್ಪಾಡಿಯೂ, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕರಾವಳಿಯೂ, ೨೦೨೫ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕರ ಮನೆಗಳೂ ಕನ್ನಡಕ್ಕೆ ಮುಸ್ಲಿಂ ಬಾಳಿನ ಒಳಕೋಣೆಯನ್ನು ತೆರೆದಿವೆ. ಆ ಕೋಣೆಯ ಮೂಲೆಯಲ್ಲಿ ಫೋನು ಹಿಡಿದು ಕೂತ ಮೊಮ್ಮಗಳ ಕತೆ ಇನ್ನೂ ವಿರಳ.

‘ಅಲಿಫ್’ ಕನ್ನಡಕ್ಕೆ ಬರಬೇಕೆಂದು ನನ್ನ ಆಸೆ. ತಲೆಹೆಸರಿನಿಂದಲೇ ಅನುವಾದಕರಿಗೆ ತೊಡಕು. ‘ಅದೃಶ್ಯ’ವೆಂದರೆ ಮಾಯಾಬಜಾರಿನ ವಾಸನೆ, ‘ಅಗೋಚರ’ವೆಂದರೆ ವೇದಾಂತದ್ದು. ಗೈಬ್ ಎಂಬ ಮಾತಿನ ದಾಯಾದಿ ಆಗಲೇ ಉತ್ತರ ಕರ್ನಾಟಕದವರ ಬಾಯಲ್ಲಿದೆ. ದುಡ್ಡು ಗಾಯಬ್ ಆಯಿತು ಎನ್ನುತ್ತಾರಲ್ಲ, ಅದೇ. ಆ ಎಳೆಯನ್ನು ಹಿಡಿದು ಹೊಸ ಮಾತೊಂದನ್ನು ಕಟ್ಟಬಹುದು. ದೀನಾಳ ನುಡಿ ಇನ್ನೂ ಕಷ್ಟ. ಆ ನಗರದಲ್ಲಿ ಅವಳು ಪರದೇಶದವಳು, ಆಡುವ ಅರಬ್ಬಿಯೂ ಬೇರೆ. ಅವಳಿಗೆ ಕಲಬುರಗಿಯ ದಖನಿ ಬೆರೆತ ಕನ್ನಡ ಕೊಡಬೇಕೆ, ಕಾಸರಗೋಡು ಮಂಗಳೂರುಗಳ ಕಡೆಯದನ್ನೆ? ನನ್ನ ಮತ ಕರಾವಳಿಗೆ. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಆ ದಾರಿಯನ್ನು ನಾಲ್ಕು ದಶಕಗಳ ಹಿಂದೆಯೇ ಕಡಿದಿಟ್ಟಿದ್ದಾರೆ.